ಅತ್ತೆಯ ಹುತ್ತ, ಸಾಬರ ಏರಿ

ನಮ್ಮತ್ತೆ ಹುಲುಗಮ್ಮನವರಿಗೆ ದಿನ ಬೆಳಗಾದರೆ ದೇವರ ಜೊತೆ ಒಂದು ಜಗಳ ಆಗಲೇಬೇಕು. ಚಹಾ ತಡವಾದರೆ ತಡೆದಾರು, ಜಗಳ ತಡವಾದರೆ ಅವರಿಗೆ ತಲೆ ನೋಯುತ್ತದೆ. ಬೇರೆಯವರು ದೇವರ ಮುಂದೆ ಕೈಮುಗಿದು ಅದು ಕೊಡು, ಇದು ಕೊಡು ಅಂತಾರೆ. ನಮ್ಮತ್ತೆ ಸೊಂಟದ ಮೇಲೆ ಕೈಯಿಟ್ಟುಕೊಂಡು, ಯಾಕೆ ಕೊಡಲಿಲ್ಲ ಹೇಳು ಅಂತ ಕೇಳುತ್ತಾರೆ. ನಾನು ಪ್ರಿಯಾ, ಆ ಮನೆಯ ಸೊಸೆ, ದಿನಾ ಹೊರಗೆ ಕೆಲಸಕ್ಕೆ ಹೋಗುವವಳು. ಈ ಹೆಂಗಸಿನ ಕಥೆಯನ್ನು ನಾನು ಹೇಳದಿದ್ದರೆ ಇಸಾಕಸಾಬರು ಹೇಳುತ್ತಾರೆ, ಅವರು ಹೇಳಿದರೆ ಅದರಲ್ಲಿ ಬರೀ ಅವರ ದೋಣಿಗಳೇ ತುಂಬಿಕೊಳ್ಳುತ್ತವೆ. ಅದಕ್ಕೇ ನಾನೇ ಬರೆಯಲು ಕೂತಿದ್ದೇನೆ.

ಇಸಾಕಸಾಬರು ಯಾರು ಅಂತ ಮೊದಲು ಹೇಳಬೇಕು. ಹಗರಿಬೊಮ್ಮನಹಳ್ಳಿಯಲ್ಲಿ ಅವರದು ಮೋಟರ್ ರಿವೈಂಡಿಂಗ್ ಅಂಗಡಿ. ಸುತ್ತಲಿನ ಹಳ್ಳಿಗಳ ಬೋರ್‌ವೆಲ್ ಮೋಟರು ಸುಟ್ಟರೆ ಅವರ ಕೈಗೇ ಬರುತ್ತದೆ. ಒಳ್ಳೆ ಮನುಷ್ಯ, ಆದರೆ ಒಂದು ಹುಚ್ಚು. ಮದುವೆಯಾದ ಹೊಸದರಲ್ಲಿ ಹೆಂಡತಿ ಜೈತುನ್ ಬೀಯನ್ನು ಯಾವುದೋ ದೂರದ ಊರಿಗೆ ಕರೆದುಕೊಂಡು ಹೋಗಿ ದೋಣಿ ಹತ್ತಿಸಿದ್ದರಂತೆ. ಇನ್ನೂ ನಡುನೀರಿಗೆ ಹೋಗಿಲ್ಲ, ಅಷ್ಟರಲ್ಲೇ ದಡದಲ್ಲಿದ್ದವನು ಸೀಟಿ ಊದಿ, ಟೈಮ್ ಆಯಿತು ಇಳಿರಿ ಅಂದನಂತೆ. ಆ ಅವಮಾನ ಸಾಬರ ಹೊಟ್ಟೆಯಲ್ಲಿ ಮೂವತ್ತು ವರ್ಷ ಕೂತಿತ್ತು. ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದ್ದೇ ತಡ, ಇಟ್ಟಿಗಿ ಊರಿನ ಕಡೆ ಹೋಗುವ ದಾರಿಯಲ್ಲಿ ಒಂದು ಕಲ್ಲು ಹೊಲ ಕೊಂಡರು. ಹೊಲದ ನಡುವೆ ಮಳೆಗಾಲದಲ್ಲಿ ಮಾತ್ರ ಹರಿಯುವ ಒಂದು ಹಳ್ಳ ಇತ್ತು. ಅದಕ್ಕೆ ಅಡ್ಡವಾಗಿ ಮಣ್ಣಿನ ಏರಿ ಹಾಕಿಸಿ, ನೀರು ನಿಲ್ಲಿಸಿ, ದೋಣಿ ಬಿಟ್ಟರು. ಹೆಸರು ಜೈತುನ್ ಬೋಟಿಂಗ್ ಪಾರ್ಕ್. ತುಳಿದು ಓಡಿಸುವ ಹಂಸದ ದೋಣಿಗಳು. ಒಂದು ಹಂಸದ ಕತ್ತು ಮುರಿದಾಗ ಸಾಬರು ಹಳೆ ಪಂಪಿನ ಪೈಪು ಬೆಸೆದರು, ಆಮೇಲೆ ಅದು ಒಂಟೆಯಂತೆ ಕಾಣತೊಡಗಿತು. ಮಕ್ಕಳಿಗೆ ಆ ಒಂಟೆಯೇ ಬೇಕು.

ಏರಿ ಹಾಕುವಾಗ ಎಂಜಿನಿಯರನ್ನು ಕೇಳಲಿಲ್ಲವೇ ಅಂತ ನಾನೊಮ್ಮೆ ಕೇಳಿದ್ದೆ. ಸಾಬರಿಗೆ ನಗು ಬಂತು.

"ಮಣ್ಣು ಸುರಿಯಾಕ ಎಂಜಿನಿಯರ್ ಯಾಕವ್ವಾ? ಮೋಟರ್ ಆದ್ರ ಹೌದು, ಅದಕ ತಲಿ ಬೇಕು. ಮಣ್ಣಿಗೇನು, ಟ್ರ್ಯಾಕ್ಟರ್ ಇದ್ರ ಸಾಕು."

ಹಾಗೆಯೇ ಟ್ರ್ಯಾಕ್ಟರಿನಲ್ಲಿ ಮಣ್ಣು ತಂದು ಸುರಿದರು, ಅದೇ ಟ್ರ್ಯಾಕ್ಟರನ್ನು ಅದರ ಮೇಲೆ ಹಿಂದೆ ಮುಂದೆ ಓಡಾಡಿಸಿದರು, ಆಯಿತು ಏರಿ. ಆ ಏರಿಯ ಕೆಳಗೆ ನಮ್ಮ ಓಣಿ ಇದೆ, ಏಳೆಂಟು ಮನೆ. ಎಲ್ಲಕ್ಕಿಂತ ಹಿಂದಿನದು, ಅಂದರೆ ಏರಿಗೆ ಬೆನ್ನು ಕೊಟ್ಟು ನಿಂತಿರುವುದು ನಮ್ಮದು. ಏರಿಗಿಂತ ಮನೆ ಹಳೆಯದು. ನಮ್ಮ ಮಾವ ದುರುಗಪ್ಪನವರು ಕಾಮಾಲೆಯಾಗಿ ತೀರಿಕೊಂಡ ಮೇಲೆ ಸರ್ಕಾರದ ಮನೆ ಮಂಜೂರಾದಾಗ, ಕೂಲಿಯವರಿಗೆ ಕೊಡಲು ಇಲ್ಲದೆ ಅತ್ತೆ ತಾವೇ ಬುನಾದಿ ಅಗೆದಿದ್ದರು. ಹಗಲು ಊರವರ ಹೊಲದಲ್ಲಿ ಕೂಲಿ, ಸಂಜೆ ತಮ್ಮ ಬುನಾದಿ. ಇಸಾಕಸಾಬರ ಏರಿಯ ಒಳಮೈಗೆ ಹೊದಿಸಲು ಕಲ್ಲು ಹೊತ್ತವರಲ್ಲೂ ಅವರೊಬ್ಬರು. ಮನೆಗೆ ಯಾರೇ ಬರಲಿ, ಮೊದಲು ಗೋಡೆ ತಟ್ಟಿ ತೋರಿಸುತ್ತಾರೆ, ಆಮೇಲೆ ನೀರು ಕೊಡುತ್ತಾರೆ.

ಇನ್ನು ದೇವರ ವಿಷಯ. ನಮ್ಮವರು, ಭೀಮೇಶ್, ಹರಪನಹಳ್ಳಿಯ ಒಂದು ಕಚೇರಿಯಲ್ಲಿ ಗುಮಾಸ್ತರು. ಮದುವೆಯಾದ ಮರುವರ್ಷ ನಾವಿಬ್ಬರೂ ಬೌದ್ಧ ದೀಕ್ಷೆ ತೆಗೆದುಕೊಂಡೆವು. ಬಂದವರೇ ನಮ್ಮವರು ಗೋಡೆಯ ಮೇಲಿದ್ದ ದೇವರ ಪಟಗಳನ್ನು ಒಂದೊಂದಾಗಿ ಇಳಿಸಿ, ಒರೆಸಿ, ಕೇಳಿದವರಿಗೆ ಕೊಟ್ಟುಬಿಟ್ಟರು. ಅತ್ತೆ ತಕರಾರು ಮಾಡಲಿಲ್ಲ. ಮಗ ಓದಿದವನು, ಅವನು ಹೇಳಿದ್ದು ಸರಿ ಇರಬೇಕು ಅಂದುಕೊಂಡರು. ಬುದ್ಧನ ಮೂರ್ತಿಯ ಮುಂದೆ ಊದುಬತ್ತಿಯನ್ನೂ ಹಚ್ಚಿದರು. ಆದರೆ ಒಂದು ವಾರದಲ್ಲಿ ಮುಖ ಬಾಡಿಹೋಯಿತು.

"ಭಾಳ ಒಳ್ಳ್ಯಾವ ಅದಾನ" ಅಂದರು ನನ್ನ ಹತ್ತಿರ, ದನಿ ತಗ್ಗಿಸಿ. "ಅದಽ ತ್ರಾಸು ನೋಡು. ಇಂಥಾ ಶಾಂತ ಮನಶ್ಯಾನ ಮುಂದ ಹೆಂಗ ಒದರ್ಯಾಡ್ಲಿ? ನಾಚಿಕಿ ಬರ್ತೈತಿ."

ಆ ಹೊತ್ತಿಗೆ ಸರಿಯಾಗಿ ಏರಿಯ ನೆತ್ತಿಯ ಮೇಲೆ, ನಮ್ಮ ಹಿತ್ತಲಿನ ನೇರಕ್ಕೆ, ಮುಷ್ಟಿಗಾತ್ರದ ಒಂದು ಹುತ್ತ ಎದ್ದಿತು. ಹುಲ್ಲು ತರಲು ಹೋದ ಅತ್ತೆ ಅದನ್ನು ನೋಡಿ ನಿಂತುಬಿಟ್ಟರು. ಮನೆಯೊಳಗೆ ದೇವರಿಲ್ಲ, ಸರಿ. ಏರಿ ಮನೆಯೊಳಗೆ ಬರುವುದಿಲ್ಲ, ಅದು ಸಾಬರ ಆಸ್ತಿ. ಮಗನ ಮಾತೂ ಮುರಿಯಲಿಲ್ಲ, ತಮಗೂ ಒಬ್ಬರು ಸಿಕ್ಕರು. ಮರುದಿನ ಬೆಳಿಗ್ಗೆ ನಾನು ರೊಟ್ಟಿ ತಟ್ಟುತ್ತಿದ್ದಾಗ ಹಿತ್ತಲಿನ ಕಡೆಯಿಂದ ದನಿ ಕೇಳಿಸಿತು.

"ನನ್ನ ಗಂಡನ್ನ ಕರಕೊಂಡು ಹೋಗುವಾಗ ನನ್ನ ಒಂದ್ ಮಾತು ಕೇಳಿದಿಯೇನು? ಹೊಸಾ ಧೋತ್ರ ಉಡೂತನ ತಡಿಯಾಕ ಆಗಲಿಲ್ಲ ನಿನಗ? ಗಬ್ಬದ ಎಮ್ಮಿ ಸತ್ತಾಗ ಎಲ್ಲಿ ಹೋಗಿದ್ದಿ? ಮಗ ನೌಕರಿ ಹಿಡದ, ಭೇಷ್ ಆತು. ಕೈಯ್ಯಾಗಿನ ಫೋನು ಇಟ್ಟು ನನ್ನ ಕೂಡ ಒಂದ್ ತಾಸು ಮಾತಾಡ್ಯಾನೇನು, ಹೇಳು ನೋಡೂಣು!"

ಹುತ್ತ ಏನು ಹೇಳುತ್ತದೆ? ಅತ್ತೆ ಇಳಿದು ಬಂದು ಸಮಾಧಾನದಿಂದ ಎರಡು ರೊಟ್ಟಿ ಹೆಚ್ಚು ತಿಂದರು. ನಮ್ಮವರು ಪೇಪರಿನಿಂದ ತಲೆ ಎತ್ತಲಿಲ್ಲ.

ದಿನಾ ಹೀಗೆ ಬೈಸಿಕೊಂಡ ಹುತ್ತ ದಷ್ಟಪುಷ್ಟವಾಗಿ ಬೆಳೆಯಿತು. ಹುಲುಗಮ್ಮ ಅಷ್ಟು ಸಲಿಗೆಯಿಂದ ಮಾತಾಡುತ್ತಾಳೆ ಅಂದಮೇಲೆ ಅಲ್ಲಿ ನಾಗಪ್ಪ ಇರಲೇಬೇಕು ಅಂತ ಓಣಿಯವರು ತೀರ್ಮಾನಿಸಿದರು. ಪಂಚಮಿ ಹಬ್ಬಕ್ಕೆ ಹಾಲೆರೆಯಲು ಸುತ್ತಲಿನ ಹಳ್ಳಿಯ ಹೆಂಗಸರು ಬಂದರು. ಹಾಲೆರೆದು ಇಳಿದವರ ಕಣ್ಣಿಗೆ ಹಂಸ ಬಿತ್ತು, ಒಂಟೆ ಬಿತ್ತು, ಮಕ್ಕಳು ಅಳತೊಡಗಿದರು. ಒಂದೇ ಸಂಜೆಯಲ್ಲಿ ಇಸಾಕಸಾಬರ ಭಕ್ತಿ ಉಕ್ಕಿ ಹರಿಯಿತು. ಹುತ್ತಕ್ಕೆ ತಗಡಿನ ಚಪ್ಪರ ಹಾಕಿಸಿದರು, ಸುತ್ತ ಸಿಮೆಂಟಿನ ಕಟ್ಟೆ ಕಟ್ಟಿಸಿದರು, ಕಾಲು ತೊಳೆಯಲು ಏರಿಯ ಮೇಲೆಯೇ ನಲ್ಲಿ ಹಾಕಿಸಿದರು. ಪಕ್ಕದಲ್ಲಿ ಒಂದು ಬೋರ್ಡು: ಚಪ್ಪಲಿ ಇಲ್ಲಿ ಬಿಡಿ, ಬೋಟಿಂಗ್ ಆ ಕಡೆ.

ಇದಾದ ಮೇಲಿನ ಬೇಸಿಗೆಯಲ್ಲಿ ನಮ್ಮ ಹಿತ್ತಲಿನಲ್ಲಿ ಪವಾಡ ನಡೆಯಿತು. ಏರಿಯ ಬುಡದಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಹಿಂದೆ, ನೆಲ ಒಣಗುವುದನ್ನೇ ಬಿಟ್ಟಿತು. ಮೇ ತಿಂಗಳ ಬಿಸಿಲಲ್ಲಿ ಊರಿನ ನಾಯಿಗಳೆಲ್ಲ ಅಲ್ಲಿ ಬಂದು ಮಲಗತೊಡಗಿದವು. ಅತ್ತೆ ಕೊತ್ತಂಬರಿ ಹಾಕಿದರು, ಪುಂಡಿಪಲ್ಲೆ ಹಾಕಿದರು, ಪುದೀನ ಹಾಕಿದರು. ನೀರೇ ಹಾಕದೆ ತೋಟ ನಳನಳಿಸಿತು. ನಾಗಪ್ಪನ ಪ್ರಸಾದ ಅಂತ ಓಣಿಗೆಲ್ಲ ಪಲ್ಲೆ ಹಂಚಿದರು. ಜೈತುನ್ ಬೀಗೂ ಒಂದು ಸಿವುಡು ಹೋಯಿತು. ನಾನೂ ತಿಂದೆ, ಸುಳ್ಳು ಯಾಕೆ ಹೇಳಲಿ, ಪುಂಡಿಪಲ್ಲೆ ಬಹಳ ರುಚಿಯಾಗಿತ್ತು. ಸೋರುವ ಏರಿಯನ್ನು ಹೀಗೆ ನಾವೆಲ್ಲ ಸೇರಿ ಬೇಳೆ ಹಾಕಿ ಕುದಿಸಿ ಉಂಡೆವು.

ಕಣ್ಣು ತೆರೆಸಿದವರು ಕೊಟ್ಟೂರಿನ ಒಬ್ಬ ನಿವೃತ್ತ ಎಂಜಿನಿಯರು. ಮೊಮ್ಮಕ್ಕಳನ್ನು ದೋಣಿ ಹತ್ತಿಸಲು ಕರೆತಂದಿದ್ದರು. ಮಂಡಕ್ಕಿ ಮಿರ್ಚಿ ತಿನ್ನುತ್ತ ಏರಿಯ ಮೇಲೆ ಅಡ್ಡಾಡಿದವರು ಹುತ್ತದ ಹತ್ತಿರ ನಿಂತರು, ಕೆಳಗೆ ನಮ್ಮ ತೋಟ ನೋಡಿದರು, ತಿನ್ನುವುದನ್ನು ನಿಲ್ಲಿಸಿದರು.

"ಸಾಬ್ರ, ಇದು ಮ್ಯಾಲೆ ಕಾಣೂದು ಬರೇ ತಲಿ. ಒಳಗ ಗೆದ್ದಲು ತಿರುಗಾಡಿ ಏರೀನ ಪೊಳ್ಳು ಮಾಡ್ಯಾವ. ಕೆರಿ ತುಂಬಿದಾಗ ನೀರು ಆ ಪೊಳ್ಳಿನಾಗ ಹೊಕ್ಕು ಆ ಕಡಿಗಿ ಹೊಂಟೈತಿ. ಈಗ ತಿಳಿ ನೀರು ಬರಾಕತ್ತೈತಿ, ಇನ್ನೂ ಟೈಮ್ ಐತಿ. ಕೆಂಪು ನೀರು ಬಂತಂದ್ರ ಏರಿ ಒಳಗಿಂದ ಕರಗಾಕತ್ತೈತಿ ಅಂತ ತಿಳೀರಿ. ಹುತ್ತ ಬುಡಮಟ ಅಗದು, ಪೊಳ್ಳು ಎಲ್ಲಿತನ ಐತೋ ಅಲ್ಲಿತನ ಬಿಚ್ಚಿ, ಜೇಡಿಮಣ್ಣು ತುಂಬಿ, ಪದರ ಪದರ ಬಡದು ದಮ್ಮಸ್ಸು ಮಾಡಸ್ರಿ. ಆ ನಲ್ಲಿ ಮೊದಲು ಕೀಳಸ್ರಿ."

ಇಷ್ಟು ಹೇಳಿ ಮಿರ್ಚಿಯ ಎಣ್ಣೆಗೈ ಒರೆಸಿಕೊಂಡು, ಚಪ್ಪಲಿ ಬಿಟ್ಟು, ಹುತ್ತಕ್ಕೆ ಎರಡು ಕೈಯಿಂದ ನಮಸ್ಕಾರ ಮಾಡಿದರು.

"ನಾ ಹೇಳೇನಂತ ಎಲ್ಲೂ ಹೆಸರು ಹಾಕಬ್ಯಾಡ್ರಿ ಮತ್ತ" ಅಂದು ಕಾರು ಹತ್ತಿದರು.

ಅಗೆಯಬೇಕು ಅನ್ನುವುದರಲ್ಲಿ ಯಾರಿಗೂ ಎರಡು ಮಾತಿರಲಿಲ್ಲ. ಯಾರು ಅಗೆಯಬೇಕು ಅನ್ನುವಲ್ಲಿ ಬಂತು ನೋಡಿ ತೊಡಕು. ಇಸಾಕಸಾಬರು ಎರಡೂ ಕಿವಿ ಹಿಡಿದುಕೊಂಡರು. "ತೋಬಾ ತೋಬಾ! ನಾನು ಸಾಬ. ನನ್ನ ಗುದ್ದಲಿ ಹುತ್ತಕ್ಕ ತಾಗಿದ್ರ ಸಂಜಿಮಟ ಎಲ್ಲಾರ ಮೊಬೈಲಿನ್ಯಾಗೂ ನಾನಽ ಇರ್ತೀನಿ. ಏರಿ ಒಡದ್ರ ಕೆರಿ ಹೋಗ್ತೈತಿ, ಇದು ಒಡದ್ರ ನಾನಽ ಹೋಗ್ತೀನಿ." ಮಾತು ಸುಳ್ಳಲ್ಲ. ಸರಿ, ನೀವಾದರೂ ಮಾಡಿ ಅಂತ ನಮ್ಮವರಿಗೆ ಹೇಳಿದೆ. ಮನೆಯಲ್ಲಿ ಮೂಢನಂಬಿಕೆಯ ಬಗ್ಗೆ ತಾಸುಗಟ್ಟಲೆ ಭಾಷಣ ಬಿಗಿಯುವ ಮನುಷ್ಯ ಕನ್ನಡಕ ತೆಗೆದು ಒರೆಸತೊಡಗಿದರು. "ನಾವು ಬೌದ್ಧರು, ನಾವು ಅಗದ್ರ ದೇವರ ಮ್ಯಾಲಿನ ಸಿಟ್ಟಿಗಿ ಅಗದ್ರು ಅಂತಾರ. ಅದ್ರಾಗ ನಾನು ಸರ್ಕಾರಿ ನೌಕರ." ಸಾಬರು ಜೆಸಿಬಿ ಓಡಿಸುವ ಅಂಜಿನಿಯನ್ನು ಕರೆಸಿದರು. ಅವನು ಗರಗರ ಸದ್ದು ಮಾಡುತ್ತ ಏರಿ ಹತ್ತಿದ, ಹುತ್ತ ನೋಡಿದ, ಗಾಡಿ ಆಫ್ ಮಾಡಿದ, ಇಳಿದು ಕಾಯಿ ಒಡೆದ, ಅರ್ಧ ಹೋಳು ತೆಗೆದುಕೊಂಡು ಹಿಂದಕ್ಕೆ ಹೋದ. ಪಂಚಾಯಿತಿಯವರನ್ನು ಕೇಳಿದರೆ ಅದು ಖಾಸಗಿ ಕೆರೆ, ನಮಗೆ ಬರುವುದಿಲ್ಲ ಅಂದರು. ನೀರಾವರಿಯ ದೊಡ್ಡ ಕಚೇರಿಯವರು, ಅದು ನಮ್ಮ ಲೆಕ್ಕಕ್ಕೆ ಬಾರದಷ್ಟು ಸಣ್ಣದು ಅಂದರು. ನಮ್ಮ ಮನೆ ಕೊಚ್ಚಿಹೋಗಲು ಎಷ್ಟು ದೊಡ್ಡ ಕೆರೆ ಬೇಕು ಅಂತ ಕೇಳಿದೆ. ಫೋನ್ ಇಟ್ಟುಬಿಟ್ಟರು.

ನಮ್ಮ ಸೀಮೆಯಲ್ಲಿ ಜಗಳಗಂಟರಿದ್ದರೆ ಎಂದೋ ಆ ಹುತ್ತ ಹೋಗಿರುತ್ತಿತ್ತು. ಎಲ್ಲರೂ ಮರ್ಯಾದಸ್ತರು. ಒಬ್ಬರಿಂದ ಒಬ್ಬರ ಮನಸ್ಸಿಗೆ ನೋವಾಗಬಾರದು ಅಂತ ಏಳೆಂಟು ಮನೆಗಳನ್ನು ನೀರಿಗೆ ಬಿಡಲು ತಯಾರಾಗಿ ಕೂತಿದ್ದರು.

ಎಲ್ಲಕ್ಕಿಂತ ಗಟ್ಟಿಯಾಗಿ ಮುಚ್ಚಿದ ಬಾಗಿಲು ನಮ್ಮತ್ತೆ. "ಅಂವಗ ಯಾರರ ಕೈ ಹಚ್ಚಿದ್ರ ನಾನು ಮನಿ ಬಿಟ್ಟು ಹೋಗ್ತೀನಿ" ಅಂದರು. "ಇಡೀ ಮನ್ಯಾಗಿನ ದೇವ್ರನ್ನ ಕೊಟ್ಟೆ, ಒಂದ್ ಮಾತು ಆಡ್ಲಿಲ್ಲ. ಹೊರಗಿಂದು ಒಂದು ಇಟಗೊಂಡೀನಿ, ಅದಕ್ಕೂ ಕಣ್ಣು ಹಾಕ್ಯಾರ!" ಮಗ ಫೋನು ಹಿಡಿದು ಹೊರಗೆ ನಡೆದರು. ನಾನು ತುಟಿ ಬಿಚ್ಚಿ, ಬೇಕಾದಷ್ಟು ಬೈಸಿಕೊಂಡೆ.

ಇಸಾಕಸಾಬರು ಈ ಭಾನುವಾರ ಕಳೆಯಲಿ, ಈ ಭಾನುವಾರ ಕಳೆಯಲಿ ಅನ್ನುತ್ತ ಮಳೆಗಾಲ ಪೂರ್ತಿ ಕಳೆದರು. ದಸರೆ ಮುಗಿದು ಹಿಂಗಾರು ಹಿಡಿದಾಗ ಕೆರೆ ತುಂಬಿ ಕೋಡಿಯ ಮೇಲೆ ನೀರು ಹರಿಯತೊಡಗಿತು. ಒಂದು ಬೆಳಿಗ್ಗೆ ಕೊತ್ತಂಬರಿ ಕೀಳಲು ಹೋದೆ. ಪುದೀನದ ಬುಡದಲ್ಲಿ ಬೆರಳಿನಷ್ಟು ಹರಿಯುತ್ತಿದ್ದ ತಿಳಿನೀರು ಮಣಿಕಟ್ಟಿನಷ್ಟು ದಪ್ಪವಾಗಿತ್ತು, ಬಣ್ಣ ಕೆಂಪಾಗಿತ್ತು. ಗೋಡೆಯ ಆ ಕಡೆಗೇ ನಾವು ಮಲಗುವ ಕೋಣೆ.

ಪಾರ್ಕಿಗೆ ಓಡಿಹೋಗಿ ಸಾಬರನ್ನು ಎಳೆದುಕೊಂಡು ಬಂದೆ. ಹಿಂದಿನಿಂದ ಜೈತುನ್ ಬೀ ಕೂಡ ಬಂದರು. ಸಾಬರು ಆ ನೀರನ್ನು ಅಂಗೈಯಲ್ಲಿ ಹಿಡಿದು ನೋಡಿ, ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತರು. ಆದರೂ ಬಾಯಲ್ಲಿ ಬಂದದ್ದು ಏನು ಗೊತ್ತೇ?

"ನೀರು ಬಿಡಾಕ ತೂಬು ತಗದ್ರ ದೋಣಿ ಕೆಸರಿನ್ಯಾಗ ಕುಂದರ್ತಾವಲ್ಲಾ…"

ಜೈತುನ್ ಬೀ ಜೀವಮಾನದಲ್ಲಿ ಗಂಡನಿಗೆ ಎದುರು ಮಾತಾಡಿದ್ದನ್ನು ನಾನು ಕಂಡಿಲ್ಲ. ಅವತ್ತು ಕಂಡೆ. "ಅಲ್ಲಿ ಬೋರ್ಡಿನ ಮ್ಯಾಲೆ ಯಾರ ಹೆಸರು ಐತಿ? ನಿಮ್ಮದೇನು? ನಾಳಿ ಈ ಮನಿ ಮ್ಯಾಲೆ ನೀರು ಬಂದ್ರ ಮಂದಿ ಏನಂತಾರ, ಇಸಾಕ ಬಂದ ಅಂತಾರೋ, ಜೈತುನ್ ಬಂದ್ಲು ಅಂತಾರೋ? ಏಳ್ರಿ ಮ್ಯಾಲೆ!" ಅಂದವರೇ ತಾವೇ ಏರಿ ಹತ್ತಿ, ಸೆರಗು ಸೊಂಟಕ್ಕೆ ಸಿಗಿಸಿ, ತೂಬಿನ ಗಾಲಿ ತಿರುಗಿಸಿದರು. ಸಾಬರು ಫೋನ್ ಮಾಡಿ ಕೊಟ್ಟೂರಿನ ಆ ಎಂಜಿನಿಯರನ್ನು ಕೇಳಿದರು. ನೀರು ಬರುವ ಬಾಯಿಯನ್ನು ಬಿಗಿಯಾಗಿ ಮುಚ್ಚಬೇಡಿ, ಮರಳು ಜಲ್ಲಿಯ ಚೀಲ ಹೇರಿ, ಮಣ್ಣು ತಡೆದು ನೀರು ಮಾತ್ರ ಬರಲಿ. ಕೆರೆ ಅರ್ಧ ಇಳಿದ ಮೇಲೆ ಅಗೆಯಿರಿ, ಆದರೆ ಮುಂದಿನ ಮಳೆಗೆ ಮೊದಲು ಅಗೆಯಿರಿ ಅಂದರು. ದೊಡ್ಡ ಮಳೆ ಬಂದರೆ ಹಳ್ಳದ ನೀರಿಗೆ ಆ ತೂಬು ಯಾವ ಮೂಲೆಗೂ ಸಾಲುವುದಿಲ್ಲ ಅಂತಲೂ ಹೇಳಿದರು.

ಹಾಗೆಯೇ ಚೀಲ ಹೇರಿದೆವು, ಎರಡು ದಿನಕ್ಕೆ ಕೆರೆ ಅರ್ಧ ಇಳಿಯಿತು. ಭಾನುವಾರ ಬೆಳಿಗ್ಗೆ ಕೂಡ್ಲಿಗಿ ದಿಕ್ಕಿನಲ್ಲಿ ಮುಗಿಲು ಕಪ್ಪಿಟ್ಟಿತ್ತು. ಸಂಜೆಗೆ ಭಾರಿ ಮಳೆ ಅಂತ ಮೊಬೈಲಿನಲ್ಲೂ ಬಂದಿತ್ತು. ಜೇಡಿಮಣ್ಣಿನ ಟ್ರ್ಯಾಲಿಗಳು ಬಂದು ನಿಂತವು, ಅಂಜಿನಿಯ ಜೆಸಿಬಿ ಬಂತು, ಗುದ್ದಲಿ, ಹಾರೆ, ಬುಟ್ಟಿ, ಎಲ್ಲ ಬಂದವು. ಜನವೂ ನೆರೆಯಿತು. ಅಗೆಯುವವನೊಬ್ಬ ಮಾತ್ರ ಬಂದಿರಲಿಲ್ಲ. ಸಾಬರು ಗುದ್ದಲಿಯನ್ನು ನಮ್ಮವರ ಕೈಗೆ ಕೊಟ್ಟರು, ನಮ್ಮವರು ಅಂಜಿನಿಯ ಕೈಗೆ ಕೊಟ್ಟರು, ಅಂಜಿನಿ ಅದನ್ನು ಒರೆಸಿ ಮತ್ತೆ ಸಾಬರಿಗೇ ಕೊಟ್ಟ. ಮದುವೆ ಮನೆಯಲ್ಲಿ ವೀಳ್ಯದ ತಟ್ಟೆ ತಿರುಗಿದ ಹಾಗೆ ಗುದ್ದಲಿ ತಿರುಗಿತು.

ಕೊನೆಗೆ ಹಿರಿಯರಾದ ಯರ್ರೆಪ್ಪನವರು ದಾರಿ ಹುಡುಕಿದರು. "ನಾವು ನಾವಽ ಯಾಕ ತಲಿ ಕೆಡಿಸ್ಕೊಳ್ಳೂದು? ಅಂವನ್ನಽ ಕೇಳೂಣು. ಹೂವು ಹಚ್ಚೂಣು. ಬಲದ್ದು ಬಿದ್ರ ಅಗೀರಿ ಅಂದಂಗ, ಎಡದ್ದು ಬಿದ್ರ ಮುಟ್ಟಬ್ಯಾಡ್ರಿ ಅಂದಂಗ."

ಎಲ್ಲರಿಗೂ ಜೀವ ಬಂದಂತಾಯಿತು. ಹುತ್ತಕ್ಕೆ ನೀರು ಚಿಮುಕಿಸಿ ಕುಂಕುಮ ಮೆತ್ತಿದರು, ಬಲಕ್ಕೊಂದು ಎಡಕ್ಕೊಂದು ಬಿಳಿ ಸೇವಂತಿಗೆ ಅಂಟಿಸಿದರು. ಇಲ್ಲಿ ಆದದ್ದನ್ನು ನಾನು ಕಣ್ಣಾರೆ ಕಂಡೆ. ಎಡದ ಹೂವು ಬಿದ್ದುಬಿಟ್ಟರೆ ಏನು ಗತಿ ಅಂತ ಇಸಾಕಸಾಬರು, ಯಾರೂ ನೋಡದಾಗ, ಎಡದ ಹೂವಿಗೆ ಇನ್ನಷ್ಟು ಹಸಿ ಕುಂಕುಮ ಮೆತ್ತಿದರು. ಬಲದ್ದು ಬಿದ್ದರೆ ಅಗೆಯುವುದು ತನ್ನ ಕೊರಳಿಗೇ ಬರುತ್ತದೆ ಅಂತ ಅಂಜಿನಿ ಬಲದ ಹೂವನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿದ. ಇನ್ನು ಬೀಳುವುದಾದರೂ ಹೇಗೆ? ಎಲ್ಲರೂ ಕೈಮುಗಿದು ನಿಂತರು. ತಾಸಾಯಿತು. ಸಾಬರು ಎಲ್ಲರಿಗೂ ಚಹಾ ತರಿಸಿದರು. ನ್ಯಾಯವಾಗಿ, ವೈಜ್ಞಾನಿಕವಾಗಿ ಅಂತ ಏನೋ ಗೊಣಗುತ್ತಿದ್ದ ನಮ್ಮವರ ಕಣ್ಣು ಕೂಡ ಬಲದ ಹೂವಿನ ಮೇಲೇ ಇತ್ತು. ಕೂಡ್ಲಿಗಿ ಕಡೆ ಗುಡುಗು ಉರುಳಿತು. ಹೂವುಗಳು ಗಟ್ಟಿಯಾಗಿ ಕೂತೇ ಇದ್ದವು.

ನನ್ನ ತಲೆ ಕೆಟ್ಟುಹೋಯಿತು. ಕೆಳಗೆ ಮನೆಗೆ ಬಂದು ಟ್ರಂಕು ಎಳೆದು ಬಟ್ಟೆಬರೆ ತುಂಬತೊಡಗಿದೆ. ಅತ್ತೆ ಬೆಳಿಗ್ಗೆಯಿಂದ ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಎದ್ದು ಕೂತರು.

"ಎಲ್ಲಿಗಿ ಹೊಂಟೆವ್ವಾ?"

"ಎಲ್ಲಿಗರ. ಹರಪನಹಳ್ಳ್ಯಾಗ ಬಾಡಿಗಿ ಮನಿ ನೋಡೂಣು. ನೀವೂ ಬರ್ರಿ ಅತ್ತಿ. ಈ ಮನಿ ಇವತ್ತು ರಾತ್ರಿ ಇರೂದು ಖಾತ್ರಿ ಇಲ್ಲ" ಅಂದೆ. ಅನ್ನುತ್ತ ಅನ್ನುತ್ತ ನನಗೆ ಅಳು ಬಂತು, ಸಿಟ್ಟೂ ಬಂತು, ಟ್ರಂಕಿನ ಮುಚ್ಚಳ ಬಡಿದು ಹಾಕಿದೆ.

ಅತ್ತೆ ಟ್ರಂಕು ನೋಡಿದರು. ಎದ್ದು ಗೋಡೆಯನ್ನು ಅಂಗೈಯಿಂದ ಸವರಿದರು. ಮೂಲೆಯಲ್ಲಿದ್ದ ತಮ್ಮ ಗುದ್ದಲಿ ತೆಗೆದುಕೊಂಡರು. ಬುನಾದಿ ಅಗೆದ ಗುದ್ದಲಿ ಅದೇ. ಮಾತಿಲ್ಲದೆ ಏರಿ ಹತ್ತತೊಡಗಿದರು, ಹಿಂದೆ ನಾನು ಓಡಿದೆ.

ಜನ ದಾರಿ ಬಿಟ್ಟಿತು. ಅತ್ತೆ ಹುತ್ತದ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಏನಪಾ, ಲಗ್ನದ ಮದುಮಗ ಆಗೀಯೇನು? ಊರ ಮಂದೀನ ಎಷ್ಟೊತ್ತು ನಿಂದರಸ್ತೀ? ಇಷ್ಟು ವರ್ಷ ನಾನು ಬೈದದ್ದು ಎಲ್ಲಾ ಕೇಳೀದಿ. ಬೈಗುಳ ಅಲ್ಲದ್ದು ಒಂದು ಹೇಳ್ತೀನಿ, ಕೇಳು. ನನ್ನ ಸೊಸಿ ಅದಾಳಲ್ಲ, ಅಕಿದು ಬಾಯಿ ಜೋರು. ಕೈಯ್ಯಾಗ ಉಪ್ಪು ಹಿಡಿತ ಇಲ್ಲ. ಆದ್ರ ನನಗ ಜ್ವರಾ ಬಂದು ಎಲ್ಲಾ ಹಾಸಿಗಿ ಮ್ಯಾಲೆ ಆದಾಗ, ನನ್ನ ಹೆತ್ತ ತಾಯಿ ಬಳದಂಗ ಬಳದಾಳ. ಮೂಗು ಮುಚ್ಚಿಲ್ಲ. ಯಾರ ಮುಂದೂ ಹೇಳಿಲ್ಲ. ಅಕಿ ಮಕ್ಕೊಳ್ಳೂದು ಆ ಗ್ವಾಡಿ ಹಿಂದ. ನೀ ಇಲ್ಲಿ ಹಿಂಗ ಕುಂತ್ರ ನೀರು ಅಕಿ ಮ್ಯಾಲೆ ಬರ್ತೈತಿ. ನೀ ದೊಡ್ಡಾವ, ಎಲ್ಲಿ ಬೇಕಲ್ಲಿ ಇರ್ತೀ. ನಮಗ ಇದೊಂದಽ ಮನಿ. ಏಳಪಾ. ಸಾಕು, ಏಳು."

ಹಾಗಂದು ಗುದ್ದಲಿ ಎತ್ತಿ ಹಾಕಿದರು. ಎರಡೂ ಹೂವು ಒಟ್ಟಿಗೇ ಕೆಳಗೆ ಬಿದ್ದವು. ಅತ್ತೆ ಅಳುತ್ತ, ಬೈಯುತ್ತ, ಮತ್ತೆ ಮತ್ತೆ ಹಾಕಿದರು. ನಾನೂ ಅಳುತ್ತಿದ್ದೆ. ಈ ಹೆಂಗಸು ನನ್ನ ಬಗ್ಗೆ ಒಂದು ಒಳ್ಳೆ ಮಾತು ಇಟ್ಟುಕೊಂಡಿದ್ದಾರೆ ಅಂತ ನನಗೆ ಗೊತ್ತಿರಲಿಲ್ಲ.

ಮೊದಲ ಏಟು ಬೀಳುವುದಷ್ಟೇ ಬೇಕಾಗಿತ್ತು ನೋಡಿ, ಆಮೇಲೆ ವೀರರಿಗೆ ಬರವೇ? ಅಂಜಿನಿ ಜೆಸಿಬಿ ಹತ್ತಿದ, ನಮ್ಮವರು ಅಂಗಿಯ ತೋಳು ಮಡಚಿದರು, ಸಾಬರು ಬುಟ್ಟಿ ಹಿಡಿದರು. ಒಳಗೆ ನಾಗಪ್ಪ ಇರಲಿಲ್ಲ. ಎರೆದ ಹಾಲು ಹುಳಿತ ವಾಸನೆ ಬಂತು, ಗೆದ್ದಲು ಬಂತು. ಸುತ್ತಲಿನ ಮಣ್ಣು ಹಿಟ್ಟು ನಾದಿದಂತೆ ಮೆತ್ತಗಾಗಿತ್ತು. ಅಡ್ಡ ಹೋಗಿದ್ದ ಒಂದು ಬಿಲದೊಳಗೆ ಅಂಜಿನಿ ಹಾರೆ ತೂರಿಸಿದರೆ ಹಾರೆ ಪೂರ್ತಿ ಒಳಗೆ ಹೋಯಿತು, ಕೈಯಿಂದ ಜಾರಿ ಕಾಣದಾಯಿತು. ಆ ಬಿಲ ನಮ್ಮ ಮನೆಯ ದಿಕ್ಕಿಗೇ ಹೋಗಿತ್ತು. ಇಸಾಕಸಾಬರ ಮುಖ ಬೂದಿಯಾಯಿತು. ಆಮೇಲೆ ಯಾರೂ ಚಹಾ ಕೇಳಲಿಲ್ಲ. ಪೊಳ್ಳು ಎಲ್ಲಿವರೆಗೆ ಇತ್ತೋ ಅಲ್ಲಿವರೆಗೆ ಬಿಚ್ಚಿ, ಜೇಡಿಮಣ್ಣು ತುಂಬಿ, ಓಣಿಯ ಗಂಡಸರು ಹೆಂಗಸರೆಲ್ಲ ಸೇರಿ ದಮ್ಮಸ್ಸು ಹಾಕಿದರು. ಕೊನೆಯ ಪದರ ಬಡಿಯುವಾಗ ಮಳೆ ಹಿಡಿಯಿತು. ಹಳ್ಳ ಸೊಕ್ಕಿ ಬಂತು, ಕೆರೆ ಮತ್ತೆ ತುಂಬಿತು. ಏರಿ ನಿಂತಿತು. ಬೆಳಗಾಗುವಷ್ಟರಲ್ಲಿ ಹಿತ್ತಲಿನ ನೀರು ಮತ್ತೆ ಬೆರಳಿನಷ್ಟಾಗಿ ತಿಳಿಯಾಗಿತ್ತು, ವಾರದೊಳಗೆ ನಿಂತೇಹೋಯಿತು. ಪುಂಡಿಪಲ್ಲೆ ಒಣಗಿತು.

ಸೋಮವಾರ ಮೊಬೈಲಿನಲ್ಲಿ ಸುದ್ದಿ ಓಡಾಡಿತು. ಊರಿನ ಸಲುವಾಗಿ ನಾಗಪ್ಪ ತಾನೇ ಜಾಗ ಬಿಟ್ಟನಂತೆ, ಬಲದ ಹೂವು ತಾನಾಗಿ ಬಿತ್ತಂತೆ. ಯರ್ರೆಪ್ಪನವರು ಕಣ್ಣಾರೆ ಕಂಡೆ ಅಂತ ಆಣೆ ಮಾಡಿದರು. ಈಗ ಸಾಬರು ಕೆರೆಯನ್ನು ತುಂಬಲು ಬಿಡುವುದಿಲ್ಲ, ಕೋಡಿಯನ್ನು ತಗ್ಗಿಸಿದ್ದಾರೆ. ಏರಿಯ ಮೇಲೆ ಒಂದು ಗಿಡ ಹುಟ್ಟಿದರೂ ಜೈತುನ್ ಬೀ ಬೇರುಸಹಿತ ಕೀಳುತ್ತಾರೆ. ಹಳೆ ಹುತ್ತದ ಒಂದು ಹಿಡಿ ಮಣ್ಣು ಇಟ್ಟುಕೊಂಡಿದ್ದ ಸಾಬರು, ಏರಿಯಿಂದ ದೂರ, ಗೇಟಿನ ಹತ್ತಿರ, ಟೈಲ್ಸು ಹಾಕಿದ ಹೊಸ ಕಟ್ಟೆ ಕಟ್ಟಿಸಿ ಅದರೊಳಗೆ ಹಾಕಿಸಿದರು. ಮೊದಲ ಪೂಜೆ ಅತ್ತೆಯದೇ ಆಗಬೇಕು ಅಂತ ತಾವೇ ಬಂದು ಕರೆದರು.

"ಬರಬೇಕಕ್ಕಾ. ಭೇಷ್ ಜಾಗಾ ಮಾಡೀನಿ. ಕುಂತು ಬೈಯ್ಯಾಕ ಕುರ್ಚಿನೂ ಹಾಕಸೀನಿ."

ಅತ್ತೆ ತೊಳೆದ ಸೀರೆ ಉಟ್ಟು ಬಂದರು. ನಾನೂ ಜೊತೆಗೆ ಹೋದೆ. ಕಟ್ಟೆಯ ಮುಂದೆ ನಿಂತರು, ಸೊಂಟದ ಮೇಲೆ ಕೈಯಿಟ್ಟರು, ಬಾಯಿ ತೆರೆದರು. ಹಾಗೇ ಮುಚ್ಚಿದರು. ಕೈ ಇಳಿಸಿದರು.

"ಇಂವ ಯಾವನೋ ಹೊಸಬ" ಅಂದರು ನನಗೆ ಮಾತ್ರ ಕೇಳುವಂತೆ. "ಇಂವಗ ನನ್ನದು ಏನು ಗೊತ್ತು? ಮೊದಲಿಂದ ಹೇಳಬೇಕಲ್ಲವ್ವಾ. ಅಷ್ಟು ಹೇಳಾಕ ಇನ್ನ ಎಷ್ಟು ದಿವಸ ಅದಾವ ನನಗ?"

ಮನೆಗೆ ಬಂದೆವು. ಅತ್ತೆ ಹಿತ್ತಲಿನಲ್ಲಿ ಒಣಗಿದ ತೋಟದ ಮುಂದೆ ಒಗೆಯುವ ಕಲ್ಲಿನ ಮೇಲೆ ಕೂತರು. ನಾನು ಕೆಲಸಕ್ಕೆ ಹೊರಡಲು ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಅವರು ನನ್ನತ್ತ ನೋಡದೆ, ಯಾವತ್ತೂ ಕೇಳದ ದನಿಯಲ್ಲಿ ಕೇಳಿದರು.

"ಪ್ರಿಯವ್ವಾ, ನಿನಗ ಈಟು ಪುರುಸೊತ್ತು ಐತೇನು?"

"ಐತ್ರಿ ಅತ್ತಿ" ಅಂದೆ. ಇರಲಿಲ್ಲ. ಚೀಲ ಕೆಳಗಿಟ್ಟು ಪಕ್ಕದಲ್ಲಿ ಕೂತೆ. ಅವರು ಇಟ್ಟಿಗಿಯ ತಮ್ಮ ತವರುಮನೆಯಿಂದ ಶುರುಮಾಡಿದರು.